ಶಿಂಗು ಕಾಡಿನ ಗಡಿಗೆರೆ

ಕಾಡು ಬೇರೆ, ನಾಡು ಬೇರೆ ಎಂಬ ಭಾವನೆ ನಮ್ಮ ಮಾತಿನಲ್ಲಿಯೇ ಬೇರೂರಿಬಿಟ್ಟಿದೆ. ಕಾಡು ಕಡಿಸಿ, ಕೆರೆ ಕಟ್ಟಿಸಿ, ಊರು ಮಾಡಿಸಿದವರ ಹೊಗಳಿಕೆ ನಮ್ಮ ಶಾಸನಗಳಲ್ಲಿ ಉಂಟು. ಒಪ್ಪವಿಲ್ಲದ ನಡತೆಯನ್ನು ಕಂಡರೆ ‘ಕಾಡುತನ’ ಎಂದು ಇಂದಿಗೂ ಜರೆಯುತ್ತೇವೆ. ನಮ್ಮ ಕಾವ್ಯಗಳಲ್ಲಿ ಋಷಿಗಳ ಕಾಡು ಒಂದು, ರಾಕ್ಷಸರ ಕಾಡು ಇನ್ನೊಂದು. ಹೊಲ ಮಾಡಿ, ತೋಟ ಬೆಳೆಸಿ, ಮಕ್ಕಳು ಮರಿಗಳೊಡನೆ ಸಂಸಾರ ಹೂಡಿಕೊಂಡಿರುವ ಸಾಮಾನ್ಯರ ಕಾಡು ಅಲ್ಲಿ ಕಾಣಸಿಗುವುದು ಅಪರೂಪ.

ಇದಕ್ಕೆ ಖಾಂಡವದಹನ ಒಂದು ನಿದರ್ಶನ. ಪಂಪನೂ ಅದನ್ನು ವರ್ಣಿಸಿದ್ದಾನೆ, ಕುಮಾರವ್ಯಾಸನೂ ವರ್ಣಿಸಿದ್ದಾನೆ. ಅಗ್ನಿಯ ಹಸಿವು ತೀರಬೇಕು. ಅದಕ್ಕಾಗಿ ಕೃಷ್ಣಾರ್ಜುನರು ಕಾಡಿನ ಎರಡು ಕಡೆಯಲ್ಲೂ ನಿಂತು, ಹೊರಬಿದ್ದ ಜೀವಿಗಳನ್ನು ಮತ್ತೆ ಬೆಂಕಿಗೇ ಅಟ್ಟುತ್ತಾರೆ. ಬದುಕಿ ಉಳಿದವರು ಬೆರಳೆಣಿಕೆಯಷ್ಟು. ಹಾಗೆ ಉಳಿದ ಮಯನೇ ಮುಂದೆ ಪಾಂಡವರಿಗೆ ಸಭಾಭವನವನ್ನು ಕಟ್ಟಿಕೊಡುತ್ತಾನೆ. ತರಗತಿಯಲ್ಲಿ ಈ ಭಾಗವನ್ನು ಪಾಠ ಹೇಳುವಾಗಲೆಲ್ಲ ನನ್ನ ಮನಸ್ಸಿಗೆ ಒಂದು ಪ್ರಶ್ನೆ ಬರುತ್ತದೆ. ಖಾಂಡವವನ್ನು ಕವಿಗಳು ನಮಗೆ ತೋರಿಸಿರುವುದು ರಥದ ಮೇಲಿನಿಂದ. ಒಳಗೆ ಇದ್ದವರ ಕಣ್ಣಿಗೆ ಆ ಕಾಡು ಹೇಗೆ ಕಂಡಿದ್ದೀತು?

ಪುರಾಣದ ಕಾಡಿನ ಬಗ್ಗೆ ಈ ಪ್ರಶ್ನೆಗೆ ಉತ್ತರ ದೊರೆಯಲಾರದು. ಆದರೆ ನಮ್ಮ ಕಾಲದಲ್ಲಿಯೇ, ಭೂಮಿಯ ಇನ್ನೊಂದು ಮಗ್ಗುಲಲ್ಲಿ, ಇಂಥದೇ ಕಥೆ ನಡೆದಿದೆ. ಅಲ್ಲಿ ಒಳಗಿದ್ದವರು ಬದುಕಿದ್ದಾರೆ. ತಮ್ಮ ಮಾತನ್ನು ತಾವೇ ಹೇಳಬಲ್ಲವರಾಗಿದ್ದಾರೆ. ಅದು ಬ್ರೆಜಿಲ್ ದೇಶದ ಶಿಂಗು ನದಿಯ ಕಾಡು. ಅದರ ಚರಿತ್ರೆಯನ್ನು ಕನ್ನಡದ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ನದಿ ಮತ್ತು ಜನ

ಅಮೆಜಾನ್ ಮಹಾನದಿಗೆ ದಕ್ಷಿಣದಿಂದ ಬಂದು ಸೇರುವ ದೊಡ್ಡ ಉಪನದಿಗಳಲ್ಲಿ ಶಿಂಗು ಒಂದು. ಬ್ರೆಜಿಲಿನ ನಡುಭಾಗದಲ್ಲಿರುವ ಮಾತೊ ಗ್ರೊಸ್ಸೊ ರಾಜ್ಯದ ಎತ್ತರದ ಬಯಲಿನಲ್ಲಿ ಹುಟ್ಟಿ, ಸುಮಾರು ೨೦೦೦ ಕಿಲೋಮೀಟರ್ ಉತ್ತರಾಭಿಮುಖವಾಗಿ ಹರಿದು ಅದು ಅಮೆಜಾನನ್ನು ಕೂಡಿಕೊಳ್ಳುತ್ತದೆ. ‘ಮಾತೊ ಗ್ರೊಸ್ಸೊ’ ಎಂದರೆ ಪೋರ್ಚುಗೀಸ್ ಭಾಷೆಯಲ್ಲಿ ‘ದಟ್ಟವಾದ ಕಾಡು’ ಎಂದೇ ಅರ್ಥ. ಈ ನದಿಯ ಮೇಲ್ದಂಡೆಯಲ್ಲಿ, ಹುಲ್ಲುಗಾವಲು ಮುಗಿದು ಮಳೆಕಾಡು ಮೊದಲಾಗುವ ಸೀಮೆಯಲ್ಲಿ, ೧೯೬೧ರಲ್ಲಿ ಬ್ರೆಜಿಲ್ ಸರ್ಕಾರ ಒಂದು ರಕ್ಷಿತ ವಲಯವನ್ನು ಗುರುತಿಸಿತು. ಅದರ ಈಗಿನ ವಿಸ್ತಾರ ಸುಮಾರು ೨೬,೪೦೦ ಚದರ ಕಿಲೋಮೀಟರ್. ಅಂದರೆ ನಮ್ಮ ಕರ್ನಾಟಕದ ಏಳರಲ್ಲೊಂದು ಪಾಲು ಎಂದು ಓದುಗರು ಅಂದಾಜು ಮಾಡಿಕೊಳ್ಳಬಹುದು.

ಈ ವಲಯದಲ್ಲಿ ಹದಿನಾರು ಜನಾಂಗಗಳಿಗೆ ಸೇರಿದ ಆರು ಸಾವಿರಕ್ಕೂ ಮಿಕ್ಕ ಜನರಿದ್ದಾರೆ. ಭಾಷೆಯ ಅಧ್ಯಾಪಕನಾದ ನನಗೆ ಮೊದಲು ಕುತೂಹಲ ಹುಟ್ಟಿಸಿದ್ದು ಇವರ ಭಾಷೆಗಳು. ವೌಜಾ, ಮೆಹಿನಾಕು, ಯವಲಪಿಟಿ ಜನರ ನುಡಿಗಳು ಒಂದು ಭಾಷಾವಂಶಕ್ಕೆ ಸೇರಿದವು. ಕುಯಿಕುರೊ, ಕಲಪಾಲೊ ಮೊದಲಾದವರ ನುಡಿ ಇನ್ನೊಂದು ವಂಶಕ್ಕೆ. ಕಮಾಯುರಾ ಮತ್ತು ಅವೆಟಿ ಜನರದು ಮೂರನೆಯ ವಂಶ. ಟ್ರುಮಾಯ್ ಎಂಬವರ ಭಾಷೆಗಂತೂ ಜಗತ್ತಿನಲ್ಲಿ ಬಂಧುವೆನ್ನುವ ಇನ್ನೊಂದು ಭಾಷೆಯೇ ಇಲ್ಲ. ಕನ್ನಡಕ್ಕೂ ಕಾಶ್ಮೀರಿಗೂ ಇರುವಷ್ಟು ದೂರ ಈ ನುಡಿಗಳ ನಡುವೆ ಇದೆ. ಆದರೂ ಇವರ ಬಾಳುವೆ ಮಾತ್ರ ಒಂದೇ ಅಚ್ಚಿನದು. ದುಂಡನೆಯ ಅಂಗಳದ ಸುತ್ತ ದೊಡ್ಡ ದೊಡ್ಡ ಹುಲ್ಲುಮನೆಗಳು. ಮರಗೆಣಸಿನ ರೊಟ್ಟಿ, ಹೊಳೆಯ ಮೀನು ಇವೇ ನಿತ್ಯದ ಊಟ. ಬೇಟೆಯ ಮಾಂಸವನ್ನು ಇವರು ಬಹುಮಟ್ಟಿಗೆ ಮುಟ್ಟುವುದಿಲ್ಲ.

ಒಂದೊಂದು ಊರಿಗೂ ಒಂದೊಂದು ಕಸುಬು ಮೀಸಲು. ಮಡಕೆ ವೌಜಾ ಜನರದು. ಒಳ್ಳೆಯ ಬಿಲ್ಲು ಬೇಕಾದರೆ ಕಮಾಯುರಾ ಊರಿಗೆ ಹೋಗಬೇಕು. ಚಿಪ್ಪಿನ ಸರ ಕುಯಿಕುರೊ ಮತ್ತು ಕಲಪಾಲೊ ಜನರ ಕೈಕೆಲಸ. ನಮ್ಮ ಕೆರೆಗಳನ್ನು ಮುತ್ತಿಕೊಂಡಿರುವ ಅಂತರಗಂಗೆಯ ಜಾತಿಯ ಜಲಸಸ್ಯವನ್ನು ಸುಟ್ಟು, ಬೂದಿಯಿಂದ ಉಪ್ಪು ತೆಗೆಯುವ ವಿದ್ಯೆ ಮೆಹಿನಾಕು, ಅವೆಟಿ ಮುಂತಾದವರಲ್ಲಿದೆ. ಹೀಗೆ ಒಬ್ಬರಿಲ್ಲದೆ ಒಬ್ಬರಿಗೆ ನಡೆಯದು. ಮಾತು ತಿಳಿಯದಿದ್ದರೂ ಮಡಕೆಗೂ ಉಪ್ಪಿಗೂ ನೆರೆಯೂರಿಗೆ ಹೋಗಲೇಬೇಕು. ಪ್ರಮುಖರು ಸತ್ತಾಗ ನಡೆಯುವ ‘ಕುವಾರುಪ್’ ಎಂಬ ಉತ್ತರಕ್ರಿಯೆಗೆ ಸುತ್ತಣ ಊರವರೆಲ್ಲ ಬಂದು ಸೇರುತ್ತಾರೆ. ಮರದ ಬೊಡ್ಡೆಗಳನ್ನು ಅಂಗಳದಲ್ಲಿ ನಿಲ್ಲಿಸಿ, ಬಣ್ಣ ಬಳಿದು, ಹತ್ತಿಯ ನೂಲು ಸುತ್ತಿ, ಗರಿ ಮುಡಿಸಿ, ಅವನ್ನೇ ಸತ್ತವರೆಂದು ಭಾವಿಸಿ ರಾತ್ರಿಯೆಲ್ಲ ಅಳುತ್ತಾರೆ. ಬೆಳಗಾದ ಮೇಲೆ ಊರೂರುಗಳ ಜಟ್ಟಿಗಳ ನಡುವೆ ಕುಸ್ತಿ. ಕೊನೆಗೆ ಆ ಬೊಡ್ಡೆಗಳನ್ನು ನೀರಿಗೆ ಬಿಟ್ಟುಬಿಡುತ್ತಾರೆ. ಶೋಕವೂ ಸ್ನೇಹವೂ ಒಂದೇ ಅಂಗಳದಲ್ಲಿ ನಡೆದುಹೋಗುತ್ತವೆ.

ಕೈ ಸೋಕದ ಕಾಡೆಂಬ ಮಾತು

ಈ ಜನರ ವಿಷಯವನ್ನು ಹೊರಗಿನವರಿಗೆ ಮೊದಲು ವಿವರವಾಗಿ ತಿಳಿಸಿದವನು ಕಾರ್ಲ್ ಫಾನ್ ಡೆನ್ ಸ್ಟೈನೆನ್ ಎಂಬ ಜರ್ಮನ್ ವಿದ್ವಾಂಸ. ಅವನು ೧೮೮೪ರಲ್ಲಿ ಶಿಂಗು ನದಿಯುದ್ದಕ್ಕೂ ದೋಣಿಯಲ್ಲಿ ಇಳಿದುಹೋದ. ೧೮೮೭ರಲ್ಲಿ ಮತ್ತೆ ಬಂದು ಊರುಗಳಲ್ಲಿ ತಂಗಿದ. ಕಬ್ಬಿಣವನ್ನು ಅರಿಯದೆ ಕಲ್ಲುಕೊಡಲಿಯಿಂದ ಮರ ಕಡಿಯುತ್ತಿದ್ದ ಆ ಜನರನ್ನು ಅವನು ‘ಪ್ರಕೃತಿಯ ಮಕ್ಕಳು’ ಎಂಬ ಅರ್ಥದ ಹೆಸರಿನಿಂದ ಕರೆದ. ಪ್ರೀತಿಯಿಂದಲೇ ಕರೆದ, ಆದರೂ ಆ ಮಾತು ಬಹುಕಾಲ ಕಣ್ಣಿಗೆ ಪೊರೆಯಾಗಿ ನಿಂತಿತು. ಪ್ರಕೃತಿಯ ಮಕ್ಕಳಿಗೆ ಚರಿತ್ರೆ ಎಲ್ಲಿಯದು? ಅವರ ಕಾಡು ಮನುಷ್ಯರ ಕೈ ಸೋಕದ ಕಾಡು, ಅವರು ಆ ಕಾಡಿನಲ್ಲಿ ಮೊದಲಿನಿಂದಲೂ ಹೀಗೆಯೇ ಇದ್ದವರು ಎಂದು ಲೋಕ ನಂಬಿತು.

ಈ ನಂಬಿಕೆ ಮುರಿದುಬಿದ್ದದ್ದು ಇತ್ತೀಚೆಗೆ. ಅಮೆರಿಕದ ಮೈಕೆಲ್ ಹೆಕೆನ್‌ಬರ್ಗರ್ ಎಂಬ ಪ್ರಾಕ್ತನ ಶಾಸ್ತ್ರಜ್ಞರು ಕುಯಿಕುರೊ ಜನರೊಡನೆ ವರ್ಷಗಟ್ಟಲೆ ಇದ್ದು ಕೆಲಸ ಮಾಡಿದರು. ಅವರು ೨೦೦೩ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧದ ಲೇಖಕರ ಸಾಲಿನಲ್ಲಿ ಕುಯಿಕುರೊ ಮುಖಂಡ ಅಫುಕಾಕಾ ಅವರ ಹೆಸರೂ ಇದೆ. ಇದು ಸಣ್ಣ ಸಂಗತಿಯಲ್ಲ. ತಮ್ಮ ಹಿರಿಯರ ಹಳೆಯ ಊರುಗಳು ಎಲ್ಲೆಲ್ಲಿ ಇದ್ದವೆಂಬುದು ಆ ಜನರಿಗೆ ಮೊದಲೇ ತಿಳಿದಿತ್ತು. ವಿದ್ವಾಂಸರು ಅಳೆದು ಕಾಲ ಗೊತ್ತುಮಾಡಿದರು. ಈಗ ಮರಗಳು ಮುಚ್ಚಿರುವ ನೆಲದಲ್ಲಿ, ಕೊಲಂಬಸನು ಬರುವುದಕ್ಕೂ ಮುಂಚಿನ ದೊಡ್ಡ ಊರುಗಳ ಗುರುತು ಸಿಕ್ಕಿತು. ಊರನ್ನು ಸುತ್ತುವರಿದ ಕಂದಕಗಳು, ನಡುವೆ ದುಂಡನೆಯ ಅಂಗಳ, ಅಂಗಳದಿಂದ ನೇರವಾಗಿ ಹೊರಟ ಅಗಲವಾದ ರಸ್ತೆಗಳು. ಕೆಲವು ರಸ್ತೆಗಳ ಅಗಲ ೫೦ ಮೀಟರುಗಳವರೆಗೂ ಇದೆ. ಮೂರರಿಂದ ಐದು ಕಿಲೋಮೀಟರಿಗೆ ಒಂದರಂತೆ ಊರುಗಳು. ಊರಿನಿಂದ ಊರಿಗೆ ದಾರಿ. ನಡುನಡುವೆ ತೋಟ, ಮೀನಿನ ಕಟ್ಟೆ, ಕಾದಿಟ್ಟ ಕಾಡು. ಇಂದಿನ ಹಳ್ಳಿಗಳ ಅಂಗಳ ಅಂದಿನ ಅಂಗಳದ ಮರಿ ಎಂಬುದು ಸ್ಪಷ್ಟವಾಯಿತು.

ಹಾಗಾದರೆ ಆ ಜನರೆಲ್ಲ ಏನಾದರು? ಯುರೋಪಿನವರು ಶಿಂಗು ಸೀಮೆಗೆ ಕಾಲಿಡುವ ಮೊದಲೇ ಅವರು ತಂದ ಸಿಡುಬು, ದಡಾರ, ಶೀತಜ್ವರಗಳು ಜನರಿಂದ ಜನರಿಗೆ ಹಬ್ಬಿ ಒಳನಾಡನ್ನು ತಲುಪಿದ್ದವು. ಇವನ್ನು ತಡೆದುಕೊಳ್ಳುವ ಶಕ್ತಿ ಆ ಖಂಡದ ಜನರ ಮೈಯಲ್ಲಿ ಇರಲಿಲ್ಲ. ಸ್ಟೈನೆನ್ ಕಂಡ ಸಣ್ಣ ಸಣ್ಣ ಹಳ್ಳಿಗಳು ಒಂದು ದೊಡ್ಡ ನಾಡಿನ ಅಳಿದುಳಿದ ಚೂರುಗಳು. ಅವನು ಕಂಡ ಕಾಡು ಎಷ್ಟೋ ಕಡೆ ಪಾಳುಬಿದ್ದ ತೋಟದ ಮೇಲೆ ಬೆಳೆದ ಕಾಡು. ಹಂಪೆಯ ಬೀದಿಗಳಲ್ಲಿ ಮುಳ್ಳು ಬೆಳೆದಿದ್ದುದನ್ನು ಕಂಡು ಇಲ್ಲಿ ಎಂದೂ ಊರಿರಲಿಲ್ಲ ಎಂದು ಯಾರಾದರೂ ಬರೆದಿದ್ದರೆ ಹೇಗಾಗುತ್ತಿತ್ತೋ, ಹಾಗಾಯಿತು ಅಮೆಜಾನಿನ ಚರಿತ್ರೆ.

ಪಶ್ಚಿಮದ ದಂಡಯಾತ್ರೆ

ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಬ್ರೆಜಿಲಿನ ಪಟ್ಟಣಗಳೆಲ್ಲ ಬಹುಮಟ್ಟಿಗೆ ಕಡಲ ಕರೆಯಲ್ಲೇ ಇದ್ದವು. ಒಳನಾಡನ್ನು ‘ಬರಿದಾದ ನೆಲ’ ಎಂದು ನಕ್ಷೆಯಲ್ಲಿ ತೋರಿಸುತ್ತಿದ್ದರು. ಅಧ್ಯಕ್ಷ ಗೆಟುಲಿಯೊ ವರ್ಗಾಸ್ ‘ಪಶ್ಚಿಮಕ್ಕೆ ನಡೆಯಿರಿ’ ಎಂಬ ಘೋಷಣೆಯನ್ನು ಹೊರಡಿಸಿದರು. ಅದರಂತೆ ೧೯೪೩ರಲ್ಲಿ ರೊಂಕಾಡೋರ್-ಶಿಂಗು ದಂಡಯಾತ್ರೆ ಹೊರಟಿತು. ದಾರಿ ಕಡಿಯುವುದು, ವಿಮಾನ ಇಳಿಯಲು ಪಟ್ಟಿ ಮಾಡುವುದು, ಮುಂದೆ ಒಕ್ಕಲು ಕೂಡಿಸಲು ನೆಲವನ್ನು ಅಣಿಮಾಡುವುದು ಅದರ ಕೆಲಸ.

ಈ ತಂಡವನ್ನು ಸೇರಬೇಕೆಂದು ಸಾವೊ ಪಾಲೊ ಕಡೆಯ ಮೂವರು ಸೋದರರು ಹಟ ಹಿಡಿದರು. ಒರ್ಲಾಂಡೊ, ಕ್ಲಾಡಿಯೊ, ಲಿಯೊನಾರ್ಡೊ ವಿಲಾಸ್ ಬೋವಾಸ್ ಎಂದು ಇವರ ಹೆಸರು. ಓದು ಬರಹ ಬಲ್ಲ ಪಟ್ಟಣಿಗರು ಈ ಕೆಲಸಕ್ಕೆ ಬೇಡವೆಂದು ತಂಡದವರು ತಿರುಗಿಸಿ ಕಳಿಸಿದರು. ಸೋದರರು ಗಡ್ಡ ಬೆಳೆಸಿ, ಹರಕು ಬಟ್ಟೆ ತೊಟ್ಟು, ಅಕ್ಷರ ಬಾರದ ಕೂಲಿಗಳಂತೆ ನಟಿಸಿ ಮತ್ತೆ ಹೋಗಿ ಸೇರಿಕೊಂಡರು. ಅಜ್ಞಾತವಾಸದ ಪಾಂಡವರಂತೆ ಅವರೂ ಬಹುಕಾಲ ಬಚ್ಚಿಟ್ಟುಕೊಳ್ಳಲಾಗಲಿಲ್ಲ. ಅಕ್ಷರಸ್ಥರೆಂಬುದು ಬಯಲಾದ ಮೇಲೆ ಅವರ ಹೊಣೆ ಹೆಚ್ಚಿತು. ಕೆಲಕಾಲದಲ್ಲಿ ಯಾತ್ರೆಯ ನಾಯಕತ್ವವೇ ಅವರ ಕೈಗೆ ಬಂದಿತು.

ಅವರಿಗೆ ಮುಂದಿದ್ದ ಆದರ್ಶ ಕಾಂಡಿಡೊ ರೊಂಡೋನ್ ಎಂಬ ಸೇನಾಧಿಕಾರಿ. ತಾಯಿಯ ಕಡೆಯಿಂದ ಆದಿವಾಸಿ ರಕ್ತ ಪಡೆದಿದ್ದ ರೊಂಡೋನ್ ತಂತಿಕಂಬಗಳನ್ನು ನೆಡುತ್ತ ಕಾಡುಗಳನ್ನು ಸುತ್ತಿದವರು. ೧೯೧೦ರಲ್ಲಿ ಸ್ಥಾಪಿತವಾದ ಆದಿವಾಸಿ ರಕ್ಷಣಾ ಇಲಾಖೆಗೆ ಮೊದಲ ಮುಖ್ಯಸ್ಥರು. ಸಾಯುವ ಪ್ರಸಂಗ ಬಂದರೆ ಸಾಯಿರಿ, ಆದರೆ ಕೊಲ್ಲಕೂಡದು ಎಂಬುದು ತಮ್ಮ ಆಳುಗಳಿಗೆ ಅವರ ಆಜ್ಞೆ. ಬಾಣ ಬಂದರೂ ಬಂದೂಕು ಎತ್ತದೆ, ಮರಗಳಿಗೆ ಕತ್ತಿ, ಪಾತ್ರೆಗಳನ್ನು ಉಡುಗೊರೆಯಾಗಿ ಕಟ್ಟಿ ತಾಳ್ಮೆಯಿಂದ ಕಾಯುವುದನ್ನು ಸೋದರರು ಈ ಪರಂಪರೆಯಿಂದ ಕಲಿತರು.

೧೯೪೬ರ ಹೊತ್ತಿಗೆ ಯಾತ್ರೆ ಶಿಂಗುವಿನ ಮೇಲ್ದಂಡೆಯನ್ನು ಮುಟ್ಟಿತು. ಬಾಣಕ್ಕೆ ಹೆದರದವರು ಕೆಮ್ಮಿಗೆ ಹೆದರಬೇಕಾಯಿತು. ಹೊರಗಿನವರ ಸಾಧಾರಣ ನೆಗಡಿ ಹಳ್ಳಿಗೆ ಹಳ್ಳಿಯನ್ನೇ ಮಲಗಿಸಿತು. ೧೯೫೪ರಲ್ಲಿ ದಡಾರ ಬಂದು ಅನೇಕರನ್ನು ಒಯ್ದಿತು. ಸ್ಟೈನೆನ್ ಕಾಲದಲ್ಲಿ ಸಾವಿರಗಟ್ಟಲೆ ಇದ್ದ ಮೇಲ್ದಂಡೆಯ ಜನ ಈಗ ಕೆಲವು ನೂರಕ್ಕೆ ಇಳಿದರು. ತಾವು ಕಡಿದ ದಾರಿಯ ಕೊನೆ ಯಾವುದು ಎಂಬುದನ್ನು ಸೋದರರು ಕಣ್ಣಾರೆ ಕಂಡರು. ನೆಲವನ್ನು ಒಕ್ಕಲಿಗೆ ಅಣಿಮಾಡಲು ಹೋದವರು ಆ ನೆಲಕ್ಕೆ ಬೇಲಿ ಬೇಕೆಂದು ಕೇಳುವವರಾದರು.

ಗೆರೆ ಬಿದ್ದ ಬಗೆ

೧೯೫೨ರಲ್ಲಿ ರೊಂಡೋನ್, ಒರ್ಲಾಂಡೊ, ಮಾನವಶಾಸ್ತ್ರಜ್ಞ ದಾರ್ಸಿ ರಿಬೈರೊ ಮತ್ತು ಇತರರು ಸೇರಿ ಸರ್ಕಾರದ ಮುಂದೆ ಒಂದು ಯೋಜನೆಯನ್ನು ಇಟ್ಟರು. ಅದರ ವಿಶೇಷವನ್ನು ಗಮನಿಸಬೇಕು. ೧೮೭೨ರಲ್ಲಿ ಅಮೆರಿಕದಲ್ಲಿ ಯೆಲ್ಲೊಸ್ಟೋನ್ ಉದ್ಯಾನ ಆದಂದಿನಿಂದ ರಕ್ಷಿತಾರಣ್ಯವೆಂದರೆ ಜನರಿಲ್ಲದ ಅರಣ್ಯ ಎಂಬ ಅರ್ಥವೇ ಲೋಕದಲ್ಲಿ ನೆಲೆಯೂರಿತ್ತು. ಶಿಂಗು ಯೋಜನೆ ಜನವನ್ನೂ ವನವನ್ನೂ ಒಟ್ಟಿಗೆ ಕಾಯಬೇಕೆಂದು ಹೇಳಿತು. ಜನರಿಗೆ ಊರ ಸುತ್ತಿನ ತುಂಡು ನೆಲ ಸಾಲದು. ಹೊಳೆ, ಕೆರೆ, ಮೀನು, ಬಿಲ್ಲಿನ ಮರ, ದೇವರ ಜಾಗ ಎಲ್ಲವೂ ಅವರ ಬಾಳಿಗೆ ಸೇರಿದ್ದು ಎಂಬುದು ಅದರ ವಾದ.

ಒಂಬತ್ತು ವರ್ಷ ಈ ಕಾಗದ ಮೇಜಿನಿಂದ ಮೇಜಿಗೆ ಅಲೆಯಿತು. ಅಷ್ಟರೊಳಗೆ ಮಾತೊ ಗ್ರೊಸ್ಸೊ ರಾಜ್ಯ ಸರ್ಕಾರ ಅದೇ ನೆಲವನ್ನು ಭೂವ್ಯಾಪಾರಿ ಕಂಪನಿಗಳಿಗೆ ತುಂಡುತುಂಡಾಗಿ ಕೊಡುತ್ತ ಬಂದಿತ್ತು. ಕಡೆಗೆ ೧೯೬೧ರ ಏಪ್ರಿಲ್ ೧೪ರಂದು ಅಧ್ಯಕ್ಷ ಜಾನಿಯೊ ಕ್ವಾದ್ರೋಸ್ ಆಜ್ಞೆಗೆ ಸಹಿ ಹಾಕಿದರು. ಅದೇ ಆಗಸ್ಟಿನಲ್ಲಿ ಅವರು ಅಧಿಕಾರವನ್ನೇ ಬಿಟ್ಟುಹೋದರು. ಇನ್ನು ನಾಲ್ಕು ತಿಂಗಳು ತಡವಾಗಿದ್ದರೆ ಏನಾಗುತ್ತಿತ್ತೋ! ಸೋದರರಲ್ಲಿ ಕಿರಿಯನಾದ ಲಿಯೊನಾರ್ಡೊ ಆ ವರ್ಷವೇ ತೀರಿಕೊಂಡ.

ಗೆರೆಯೇನೋ ಬಿದ್ದಿತು. ಆದರೆ ಕೇಳಿದ್ದಕ್ಕಿಂತ ಬಹಳ ಕಡಿಮೆ ನೆಲ ದೊರೆಯಿತು. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದು: ಶಿಂಗುವಿಗೆ ನೀರು ತರುವ ಕುಲುಯೆನೆ, ಬತೊವಿ, ರೊನೂರೊ ಮೊದಲಾದ ಹೊಳೆಗಳ ಉಗಮಗಳು ಗೆರೆಯ ಹೊರಗೆ ಉಳಿದವು. ಮನೆಯನ್ನು ಒಳಗಿಟ್ಟು ಬಾವಿಯನ್ನು ಹೊರಗೆ ಬಿಟ್ಟು ಗೋಡೆ ಕಟ್ಟಿದಂತಾಯಿತು. ಅಂದು ಆ ಉಗಮಗಳ ಸುತ್ತ ಜನಸಂಚಾರ ಕಡಿಮೆ ಇದ್ದುದರಿಂದ ಇದರ ಪರಿಣಾಮ ಕಾಣಲು ಇನ್ನೂ ಕಾಲ ಬೇಕಿತ್ತು.

ಒಳಗಿನ ಕೆಲಸ ಮಾತ್ರ ಮೆಚ್ಚತಕ್ಕದ್ದು. ೧೯೬೫ರಿಂದ ಸಾವೊ ಪಾಲೊ ವೈದ್ಯಶಾಲೆಯವರು ಡಾಕ್ಟರ್ ರೊಬೆರ್ಟೊ ಬರುಜ್ಜಿ ಅವರ ನೇತೃತ್ವದಲ್ಲಿ ವರ್ಷವರ್ಷವೂ ಬಂದು ಚುಚ್ಚುಮದ್ದು ಹಾಕಿದರು. ಸಾವು ಇಳಿಯಿತು; ತೊಟ್ಟಿಲುಗಳು ತುಂಬಿದವು. ಅಳಿದೇಹೋಗುವರೆಂದು ಪಂಡಿತರು ಬರೆದಿಟ್ಟಿದ್ದ ಜನ ಮತ್ತೆ ಬೆಳೆದರು.

ಪನಾರಾ ಜನರ ಕಥೆ

ಗೆರೆಯ ಹೊರಗೆ ಉಳಿದವರ ಪಾಡು ಬೇರೆ. ರಬ್ಬರು ವ್ಯಾಪಾರಿಗಳ, ಗಣಿಯವರ, ಭೂಮಾಲೀಕರ ಕಾಟ ತಾಳದ ಜನರನ್ನು ಸೋದರರು ಒಳಗೆ ಕರೆತಂದರು. ಪಶ್ಚಿಮದ ಹೊಳೆದಂಡೆಯಿಂದ ಕವಾಯ್ವೆಟೆ ಜನ ಬಂದರು. ೧೯೬೭ರಲ್ಲಿ ಇಕ್ಪೆಂಗ್ ಜನ ಬಂದರು. ಹೀಗೆ ಬಂದವರು ಜೀವ ಉಳಿಸಿಕೊಂಡರು, ನೆಲ ಕಳೆದುಕೊಂಡರು. ಅವರು ಬಿಟ್ಟುಬಂದ ಕಾಡು ‘ಜನರಿಲ್ಲದ ಕಾಡು’ ಎಂದು ಲೆಕ್ಕಕ್ಕೆ ಬಂದು ಬೇಗ ಇತರರ ಪಾಲಾಯಿತು. ಇದರಲ್ಲಿ ಪನಾರಾ ಜನರ ಕಥೆಯಷ್ಟು ಮನಸ್ಸನ್ನು ಕಲಕುವುದು ಇನ್ನೊಂದಿಲ್ಲ.

ಸೈನಿಕರ ಆಳ್ವಿಕೆಯ ಕಾಲದಲ್ಲಿ, ೧೯೭೦ರ ದಶಕದ ಮೊದಲಲ್ಲಿ, ಕುಯಿಯಾಬಾದಿಂದ ಸಾಂತರೇಮಿನವರೆಗೆ ಕಾಡನ್ನು ಸೀಳಿ ಹೆದ್ದಾರಿ ಹೊರಟಿತು. ಅದು ಪೆಯ್ಷೊಟೊ ನದಿಯ ಬಳಿ ಪನಾರಾ ಜನರ ತೋಟಗಳ ಮೇಲೆಯೇ ಹಾಯಬೇಕು. ಯಂತ್ರಗಳು ಬರುವ ಮುನ್ನ ಅವರನ್ನು ಮಾತಾಡಿಸಬೇಕೆಂದು ಒರ್ಲಾಂಡೊ ಮತ್ತು ಕ್ಲಾಡಿಯೊ ಹೋದರು. ತಾವು ಹೋಗದಿದ್ದರೆ ಬಂದೂಕಿನವರು ಹೋಗುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ವರ್ಷಗಟ್ಟಲೆ ಉಡುಗೊರೆ ಕಟ್ಟಿ ಕಾದ ಮೇಲೆ, ೧೯೭೩ರ ಫೆಬ್ರವರಿಯಲ್ಲಿ ಪನಾರಾ ಜನ ಎದುರಿಗೆ ಬಂದು ಕೈ ಹಿಡಿದರು. ಪತ್ರಿಕೆಗಳು ಅದನ್ನು ವಿಜಯವೆಂದು ಬರೆದವು.

ಎರಡೇ ವರ್ಷ. ರಸ್ತೆಯ ಕೆಲಸಗಾರರಿಂದ ಶೀತಜ್ವರವೂ ಇತರ ರೋಗಗಳೂ ಹಬ್ಬಿದವು. ಹೆಣ ಹೂಳಲು ಆಳಿಲ್ಲದ ಸ್ಥಿತಿ ಬಂದಿತು. ಉಳಿದವರು ಹೆದ್ದಾರಿಯ ಬದಿಯಲ್ಲಿ ನಿಂತು ಅನ್ನಕ್ಕೆ ಕೈಚಾಚಿದರು. ೧೯೭೫ರ ಜನವರಿಯಲ್ಲಿ ವಿಮಾನದಲ್ಲಿ ಅವರನ್ನು ಶಿಂಗು ವಲಯಕ್ಕೆ ಸಾಗಿಸಿದಾಗ ಎಣಿಸಿದರೆ ೭೯ ಮಂದಿ. ಹಲವು ನೂರು ಜನರಿದ್ದ ಒಂದು ಜನಾಂಗ ಒಂದು ತರಗತಿಯ ಹಾಜರಿಪುಸ್ತಕದಲ್ಲಿ ಹಿಡಿಸುವಷ್ಟಾಗಿತ್ತು.

ಶಿಂಗುವಿನಲ್ಲಿ ಅವರಿಗೆ ಔಷಧ ದೊರೆಯಿತು, ನೆಲ ದೊರೆಯಿತು. ಆದರೆ ಸುತ್ತಮುತ್ತ ಇದ್ದವರಲ್ಲಿ ಹಿಂದಿನ ಹಗೆಗಳೂ ಇದ್ದರು. ಆ ಮಣ್ಣು, ಆ ನೀರು ತಮ್ಮದೆಂದು ಅವರಿಗೆ ಎಂದೂ ಅನ್ನಿಸಲಿಲ್ಲ. ಇಪ್ಪತ್ತು ವರ್ಷಗಳಲ್ಲಿ ಹಲವು ಬಾರಿ ಊರನ್ನು ಕಿತ್ತು ಕಟ್ಟಿದರು. ೧೯೯೧ರಲ್ಲಿ ಅವರಲ್ಲಿ ಕೆಲವರು ತಮ್ಮ ಹಳೆಯ ಸೀಮೆಯನ್ನು ನೋಡಿಬರಲು ಹೋದರು. ತೋಟಗಳಿದ್ದಲ್ಲಿ ಚಿನ್ನದ ಗಣಿಯ ಕೆಸರುಗುಂಡಿಗಳು. ಕಾಡಿದ್ದಲ್ಲಿ ದನದ ಹುಲ್ಲುಗಾವಲು. ಆದರೆ ಇರಿರಿ ನದಿಯ ಉಗಮದ ಕಡೆ ಒಂದು ಭಾಗ ಇನ್ನೂ ಕಾಡಾಗಿಯೇ ಉಳಿದಿತ್ತು. ಅದನ್ನೇ ಕೇಳಿದರು. ೧೯೯೦ರ ದಶಕದ ನಡುವೆ ಹೋಗಿ ಹೊಸ ಊರು ಕಟ್ಟಿದರು. ೧೯೯೬ರಲ್ಲಿ ಸರ್ಕಾರ ಸುಮಾರು ೫೦೦೦ ಚದರ ಕಿಲೋಮೀಟರ್ ನೆಲ ಅವರದೆಂದು ಒಪ್ಪಿತು. ಸಾಲದೆಂದು ಸರ್ಕಾರದ ಮೇಲೆಯೇ ದಾವೆ ಹೂಡಿದರು. ಆ ಜನ ಸತ್ತುದಕ್ಕೂ ನೆಲ ಕಳೆದುಕೊಂಡುದಕ್ಕೂ ರಾಜ್ಯವೇ ಹೊಣೆಯೆಂದು ನ್ಯಾಯಾಲಯ ತೀರ್ಪು ಕೊಟ್ಟಿತು. ಬ್ರೆಜಿಲಿನಲ್ಲಿ ಆದಿವಾಸಿ ಜನಾಂಗವೊಂದಕ್ಕೆ ಸರ್ಕಾರ ಹೀಗೆ ಪರಿಹಾರ ತೆರಬೇಕಾಗಿ ಬಂದುದು ಅದೇ ಮೊದಲು. ಎಪ್ಪತ್ತೊಂಬತ್ತು ಮಂದಿ ಈಗ ಐನೂರಕ್ಕೂ ಹೆಚ್ಚಾಗಿದ್ದಾರೆ.

ಈ ಕಥೆಯನ್ನು ಓದಿದವರಿಗೆ ಸೋದರರನ್ನು ಹೊಗಳಬೇಕೋ ತೆಗಳಬೇಕೋ ಎಂಬ ಗೊಂದಲ ಹುಟ್ಟುವುದು ಸಹಜ. ಅವರು ರಸ್ತೆಯ ಮುಂದೆ ನಡೆದ ದೂತರೆಂದು ಕೆಲವರು ಜರೆದರು. ಒಳಗಿನವರನ್ನು ಹಣದಿಂದಲೂ ಅಂಗಡಿಯ ಸರಕಿನಿಂದಲೂ ದೂರವಿಟ್ಟು, ಮಕ್ಕಳಂತೆ ಕಂಡರೆಂದು ಇನ್ನು ಕೆಲವರು ಹೇಳಿದರು. ಎರಡರಲ್ಲೂ ಸತ್ಯಾಂಶ ಉಂಟು. ನನಗೆ ತೋರುವ ಮಟ್ಟಿಗೆ, ಅವರ ಮುಂದಿದ್ದ ದಾರಿಗಳಲ್ಲಿ ಒಳ್ಳೆಯ ದಾರಿಯೇ ಇರಲಿಲ್ಲ. ಕಡಿಮೆ ಸಾವಿನ ದಾರಿಯನ್ನು ಅವರು ಹುಡುಕಿದರು. ೧೯೬೧ರ ಗೆರೆ ಇಲ್ಲದಿದ್ದರೆ ಇಂದು ವಿಮರ್ಶೆ ಮಾಡುವುದಕ್ಕೆ ಶಿಂಗು ಎಂಬುದೇ ಉಳಿಯುತ್ತಿರಲಿಲ್ಲ. ಆದರೆ ಒಬ್ಬರು ಮತ್ತೊಬ್ಬರಿಗಾಗಿ ಎಳೆದ ಗೆರೆ ಎಷ್ಟು ಕಾಲ ನಿಂತೀತು?

ಗೆರೆಯನ್ನು ಹಿಡಿದು ನಿಂತವರು

ಹತ್ತೇ ವರ್ಷಕ್ಕೆ ಅದು ಅಳಿಸಿತು. ೧೯೭೧ರಲ್ಲಿ ಸರ್ಕಾರ ತಾನೇ ಹಾಕಿದ ಗಡಿಯನ್ನು ಮುರಿದು, ವಲಯದ ಉತ್ತರ ಭಾಗವನ್ನು ಕತ್ತರಿಸಿಕೊಂಡು ಮತ್ತೊಂದು ಹೆದ್ದಾರಿಯನ್ನು ಹಾಯಿಸಿತು. ರಸ್ತೆಯಾಚೆಯ ನೆಲ ಪಶುಪಾಲನೆಯ ಜಮೀನ್ದಾರರಿಗೆ ಹೋಯಿತು. ಅಲ್ಲಿಯ ಕಯಾಪೊ ಜನ ಸುಮ್ಮನಿರಲಿಲ್ಲ. ೧೯೮೪ರಲ್ಲಿ ರಾವೊನಿ ಎಂಬ ಮುಖಂಡನ ಹಿಂದೆ ಹೊರಟು, ಹೆದ್ದಾರಿ ನದಿಯನ್ನು ದಾಟುವ ದೋಣಿಕಟ್ಟೆಯನ್ನು ವಶಮಾಡಿಕೊಂಡರು, ಅಧಿಕಾರಿಗಳನ್ನು ಹಿಡಿದಿಟ್ಟರು. ಸರ್ಕಾರ ಮಾತುಕತೆಗೆ ಬಂದಿತು; ಉತ್ತರದ ನೆಲದ ಬಹುಭಾಗ ಅವರಿಗೆ ಮರಳಿತು. ಅದೇ ದಶಕದಲ್ಲಿ ಮೆಗರೋನ್ ಎಂಬ ಕಯಾಪೊ ತರುಣ ವಲಯದ ಆಡಳಿತಾಧಿಕಾರಿಯಾದರು. ಆ ಪೀಠದಲ್ಲಿ ಕುಳಿತ ಮೊದಲ ಆದಿವಾಸಿ ಅವರು.

೧೯೮೮ರ ಹೊಸ ಸಂವಿಧಾನ ಆದಿವಾಸಿಗಳ ನೆಲದ ಹಕ್ಕು ಸರ್ಕಾರ ಕೊಟ್ಟದ್ದಲ್ಲ, ಅವರಿಗೆ ಮೂಲದಿಂದಲೇ ಇದ್ದದ್ದು ಎಂದು ಒಪ್ಪಿಕೊಂಡಿತು. ಒಂದು ಕಾಲಕ್ಕೆ ಕೃಪೆಯಾಗಿದ್ದದ್ದು ಹಕ್ಕಾಯಿತು. ಕಿಸೆಜೆ ಜನ ೧೯೬೧ರಲ್ಲಿ ಹೊರಗುಳಿದ ತಮ್ಮ ಪೂರ್ವದ ನೆಲವನ್ನು ಹೋರಾಡಿ ೧೯೯೮ರಲ್ಲಿ ಪಡೆದುಕೊಂಡರು. ‘ಉದ್ಯಾನ’ ಎಂಬ ಹೆಸರನ್ನು ಬಿಟ್ಟು ‘ಶಿಂಗು ಆದಿವಾಸಿ ಸೀಮೆ’ ಎಂದೇ ಒಳಗಿನವರು ಇಂದು ಹೇಳುತ್ತಾರೆ.

ಈ ನಡುವೆ ಹೊರಗಿನ ನೋಟವೇ ಬದಲಾಯಿತು. ಮಾತೊ ಗ್ರೊಸ್ಸೊ ಇಂದು ಬ್ರೆಜಿಲಿನಲ್ಲಿ ಎಲ್ಲಕ್ಕಿಂತ ಹೆಚ್ಚು ಸೋಯಾ ಬೆಳೆಯುವ ರಾಜ್ಯ. ವಿಮಾನದಿಂದ ನೋಡಿದರೆ ಕಣ್ಣಿಗೆಟುಕುವಷ್ಟು ದೂರವೂ ಸಮತಟ್ಟಾದ ಹೊಲ, ನಡುವೆ ಕತ್ತರಿಸಿಟ್ಟಂತೆ ಹಸುರಿನ ದ್ವೀಪವೊಂದು, ಅದೇ ಶಿಂಗು. ಹೊರಗೆ ಬಿಟ್ಟ ಬಾವಿಯ ಮಾತು ಈಗ ನಿಜವಾಯಿತು. ಉಗಮದ ಹೊಳೆಗಳ ದಡದ ಮರ ಹೋಗಿ ಮಣ್ಣು ಕೊಚ್ಚಿ ಬರುತ್ತಿದೆ. ಬೆಳೆಗೆ ಹೊಡೆದ ಔಷಧ ನೀರಿನೊಡನೆ ಗಡಿ ದಾಟುತ್ತಿದೆ. ಮೀನನ್ನೇ ನಂಬಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಹಿಂದೆ ತೋಟಕ್ಕೆ ಹಾಕಿದ ಬೆಂಕಿ ತೇವದ ಕಾಡಿನ ಅಂಚಿಗೆ ಬಂದು ತಾನಾಗಿ ಆರುತ್ತಿತ್ತು. ಈಗ ಕಾಡೇ ಒಣಗುತ್ತಿರುವುದರಿಂದ ಅದು ಒಳಗೆ ನುಗ್ಗುತ್ತದೆ. ಇತ್ತ ಕಾಡಿನೊಳಗಿನ ನೆಲ ಸುತ್ತಲ ಹೊಲಗಳಿಗಿಂತ ತಂಪಾಗಿದೆ. ಮರಗಳು ಉಸಿರಾಡಿ ಬಿಟ್ಟ ತೇವವೇ ಮೋಡವಾಗಿ ಆ ಹೊಲಗಳ ಮೇಲೂ ಸುರಿಯುತ್ತದೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ಕಾಡಿನಿಂದ ಉಳಿದುಬಂದ ಮಯನೇ ಪಾಂಡವರ ಸಭೆಯನ್ನು ಕಟ್ಟಿಕೊಟ್ಟನೆಂಬ ಮಾತು ಇಲ್ಲಿ ನನಗೆ ನೆನಪಾಗುತ್ತದೆ.

ನಮ್ಮಲ್ಲಿಯೂ ಈ ಪ್ರಶ್ನೆ ಹೊಸದಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಅಭಯಾರಣ್ಯದ ಕಾನೂನಿನಿಂದ ತಮ್ಮ ಹಿರಿಯರ ನೆಲೆಗಳನ್ನು ಬಿಟ್ಟು ಬರಬೇಕಾಯಿತು. ೨೦೦೬ರ ಅರಣ್ಯ ಹಕ್ಕು ಕಾಯಿದೆಯಂತೆ ೨೦೧೧ರಲ್ಲಿ ಅವರ ಸಾಮುದಾಯಿಕ ಹಕ್ಕನ್ನು, ಹುಲಿಗಳಿಗೆ ಮೀಸಲಾದ ಕಾಡಿನೊಳಗೇ, ಸರ್ಕಾರ ಮಾನ್ಯಮಾಡಿತು. ಜನರನ್ನು ಹೊರಗಿಟ್ಟು ಕಾಡನ್ನು ಕಾಯುವುದು ಒಂದು ಮತ. ಜನರ ಕೈಯಲ್ಲಿ ಕಾಡನ್ನು ಇಡುವುದು ಇನ್ನೊಂದು ಮತ. ಶಿಂಗುವಿನ ಅರುವತ್ತು ವರ್ಷಗಳ ಚರಿತ್ರೆ ಎರಡನೆಯದರ ಪರವಾಗಿ ಸಾಕ್ಷಿ ನುಡಿಯುತ್ತದೆ. ಸುತ್ತಲೂ ಎಲ್ಲವೂ ಹೋದರೂ ಜನರಿದ್ದ ಕಡೆಯ ಕಾಡು ಉಳಿದಿದೆ. ೨೦೨೩ರಲ್ಲಿ 'ಸೈನ್ಸ್ ಅಡ್ವಾನ್ಸಸ್' ಪತ್ರಿಕೆಯಲ್ಲಿ ಬಂದ ಸಂಶೋಧನೆಯೊಂದು, ಕುಯಿಕುರೊ ಜನ ಬೂದಿಯನ್ನೂ ಅಡಿಗೆಯ ಕಸವನ್ನೂ ಸೇರಿಸಿ ಕಪ್ಪು ಮಣ್ಣನ್ನು ಇಂದಿಗೂ ಬೇಕೆಂದೇ ತಯಾರಿಸುತ್ತಾರೆ, ಅವರ ಹಿರಿಯರೂ ಹಾಗೆಯೇ ಮಾಡಿದ್ದರು ಎಂದು ತೋರಿಸಿತು. ಆ ಕಾಡಿನ ಮಣ್ಣೂ ಕೂಡ ಕೆಲವೆಡೆ ಮನುಷ್ಯರು ಮಾಡಿದ್ದು.

ಎಲ್ಲವೂ ನೆಟ್ಟಗಾಯಿತೆಂದು ಹೇಳಿ ಓದುಗರನ್ನು ಸಮಾಧಾನಪಡಿಸಲಾರೆ. ೨೦೨೦ರ ಆಗಸ್ಟಿನಲ್ಲಿ ಕೋವಿಡ್ ರೋಗದಿಂದ ಯವಲಪಿಟಿ ಜನರ ಮುಖಂಡ ಅರಿತಾನ ತೀರಿಕೊಂಡರು. ಹುಡುಗನಾಗಿದ್ದಾಗ ವಿಲಾಸ್ ಬೋವಾಸ್ ಸೋದರರನ್ನು ಕಂಡವರು ಅವರು. ಯವಲಪಿಟಿ ಭಾಷೆಯನ್ನು ಚೆನ್ನಾಗಿ ಬಲ್ಲ ಕೊನೆಯ ಕೆಲವರಲ್ಲಿ ಒಬ್ಬರು. ನಾಲ್ಕು ಭಾಷಾವಂಶಗಳ ಜನರು ಒಂದೇ ಅಂಗಳದಲ್ಲಿ ಅಳುವ ಆ ನಾಡಿನಲ್ಲಿ ಒಂದು ಭಾಷೆ ಹೀಗೆ ಕೆಲವೇ ನಾಲಗೆಗಳ ಮೇಲೆ ನಿಂತಿದೆ. ಕಾಡಿಗೆ ಗೆರೆ ಎಳೆಯಬಹುದು. ಭಾಷೆಗೆ ಎಳೆಯುವ ಗೆರೆ ಯಾವುದು?

ಆದರೆ ಇದರ ಜೊತೆಗೆ ಇನ್ನೊಂದನ್ನೂ ಹೇಳಬೇಕು. ೨೦೦೪ರಲ್ಲಿ ಉಗಮದ ಹೊಳೆಗಳನ್ನು ಉಳಿಸಲು ಒಂದು ಚಳವಳಿ ಹುಟ್ಟಿತು. ಕಮಾಯುರಾ ಭಾಷೆಯಲ್ಲಿ ‘ಒಳ್ಳೆಯ ನೀರು’ ಎಂಬ ಅರ್ಥ ಬರುವ ಹೆಸರನ್ನು ಅದಕ್ಕೆ ಇಟ್ಟರು. ಅದರ ಬೆನ್ನಲ್ಲೇ ೨೦೦೭ರಲ್ಲಿ ಬೀಜ ಸಂಗ್ರಹಿಸುವವರ ಕೂಟವೊಂದು ಏರ್ಪಟ್ಟಿತು. ತಮ್ಮ ನೆಲ ಬಿಟ್ಟು ೧೯೬೭ರಲ್ಲಿ ಒಳಗೆ ಬಂದಿದ್ದ ಇಕ್ಪೆಂಗ್ ಜನರ ಹೆಂಗಸರು ಈಗ ಸಾಲಾಗಿ ಕಾಡಿಗೆ ಹೋಗುತ್ತಾರೆ. ನೆಲಕ್ಕೆ ಬಿದ್ದ ಕಾಡುಮರಗಳ ಬೀಜಗಳನ್ನು ಆಯ್ದು, ಒಣಗಿಸಿ, ಹಸನುಮಾಡಿ ಮಾರುತ್ತಾರೆ. ಆ ಬೀಜಗಳನ್ನು ಕೊಳ್ಳುವವರಲ್ಲಿ ಗಡಿಯ ಹೊರಗಿನ ಜಮೀನ್ದಾರರೂ ಇದ್ದಾರೆ. ಬತ್ತುತ್ತಿರುವ ಹೊಳೆಗಳ ದಡದಲ್ಲಿ ಹಲವು ಬಗೆಯ ಬೀಜಗಳನ್ನು ಮರಳಿನೊಡನೆ ಕಲಸಿ ಬಿತ್ತುತ್ತಾರೆ. ೧೯೬೧ರಲ್ಲಿ ನಕ್ಷೆ ಬರೆದವರು ಹೊರಗೆ ಬಿಟ್ಟ ನೀರಿನ ಕಡೆಗೆ ಒಳಗಿನ ಕಾಡು ಹೀಗೆ ಚೀಲದಲ್ಲಿ ಹೊರಟಿದೆ.